ಡಾಕ್ಟರ ತಲೆಗೆ ನಾನು ಹಾಕಿದ ಟೋಪಿ

ಅವರು ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಕಿವಿಯನ್ನು. ಕನ್ನಡಕದ ಕಡ್ಡಿ ಕಿವಿಯ ಹಿಂದೆ ನೆಟ್ಟಗೆ ಕೂತಿದೆಯೋ ಇಲ್ಲವೋ ಎಂದು. ಕೂತಿರದಿದ್ದರೆ ಕೇಳುವುದು ಗೀಳುವುದು ಏನೂ ಇಲ್ಲ. "ಎಕ್ಸ್‌ಕ್ಯೂಸ್ ಮಿ" ಎಂದು ಕೈ ಚಾಚಿ ನಮ್ಮ ಮೂಗಿನ ಮೇಲಿಂದಲೇ ಕನ್ನಡಕ ತೆಗೆದುಕೊಂಡು, ಹಾ ಎಂದು ಹಬೆ ಬಿಟ್ಟು, ಅಂಗಿಯ ತುದಿಯಲ್ಲಿ ಒರೆಸಿ, ಕಡ್ಡಿಯನ್ನು ಒಂದಿಷ್ಟೇ ಬಗ್ಗಿಸಿ ಮತ್ತೆ ಮೂಗಿನ ಮೇಲೆ ಇಟ್ಟುಬಿಡುತ್ತಿದ್ದರು. ಅಷ್ಟು ಹೊತ್ತು ನಾವು ಏನೂ ಕಾಣದೆ ಪೆದ್ದುಪೆದ್ದಾಗಿ ನಿಂತಿರಬೇಕು. ಟ್ರಾಮಿನಲ್ಲಿ ಗುರುತುಪರಿಚಯವಿಲ್ಲದ ಹೆಂಗಸರಿಗೂ ಹೀಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಶ್ಚರ್ಯವೆಂದರೆ ಯಾರೂ ಬೈಯುತ್ತಿರಲಿಲ್ಲ. ಬೆರಳುಗಳು ಅಷ್ಟು ಜೆಂಟಲ್.

ಹೋದ ತಿಂಗಳು ಪರ್ತ್‌ನಲ್ಲಿ ಅವರು ತೀರಿಕೊಂಡರು. ನಾನು ಈಗ ಇರುವುದು ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ, ಮಗಳ ಮನೆಯಲ್ಲಿ. ನನ್ನ ಕನ್ನಡಕ ಮತ್ತೆ ಒಂದು ಕಡೆ ವಾಲಿದೆ. ಶಾಪಿಂಗ್ ಸೆಂಟರಿನ ಅಂಗಡಿಗೆ ತೆಗೆದುಕೊಂಡು ಹೋದರೆ ಅಲ್ಲಿನ ಹುಡುಗಿ, "ಫ್ರೇಮ್ ಹಳೇದಾಯ್ತು, ಹೊಸದು ತಗೊಳ್ಳಿ" ಎಂದಳು. ಬೇಡವೆಂದು ಬಂದೆ.

ಅವರನ್ನು ನಾನು ಅರಿತದ್ದು ಅಡಿಲೇಡ್‌ನಲ್ಲಿ. ಆಗ ಮಗಳು ಮಾಸನ್ ಲೇಕ್ಸಿನ ಒಂದು ಕಂಪನಿಯಲ್ಲಿದ್ದಳು. ಕೆಲಸ ಆ ಮೂಲೆಯಲ್ಲಿದ್ದರೂ ಸಮುದ್ರ ಬೇಕೆಂದು ಗ್ಲೆನೆಲ್ಗಿನಲ್ಲಿ ಫ್ಲ್ಯಾಟ್ ಮಾಡಿದ್ದಳು. ನಮ್ಮ ಯಜಮಾನರೂ ನಾನೂ ಮೈಸೂರಿನಿಂದ ಆರು ತಿಂಗಳಿಗೆಂದು ಬಂದವರು ಆರು ವರ್ಷ ಉಳಿದುಬಿಟ್ಟೆವು. ನಮ್ಮದೇ ಫ್ಲೋರಿನಲ್ಲಿ, ಲಿಫ್ಟಿನ ಆಚೆ ಬದಿಗೆ, ಅವರದು ಒಂಟಿ ಮನೆ. ಎಂಬತ್ತರ ಹತ್ತಿರದ ವಯಸ್ಸು. ಸಣ್ಣ ಆಳು. ತಲೆಯ ಹಿಂಭಾಗದಲ್ಲಿ, ಅಂಗೈಯಗಲದ, ಕ್ರೋಷಾದಲ್ಲಿ ಹೆಣೆದ ನೀಲಿ ಟೋಪಿ. ಅಂಚಿಗೆ ಬಿಳಿಯ ಒಂದು ಸುತ್ತು.

ಮೊದಲ ಸಲ ಲಿಫ್ಟಿನಲ್ಲಿ ಕಂಡಾಗ ಯಜಮಾನರು ನನ್ನ ಕಿವಿಯಲ್ಲಿ, "ಸಾಬರಿರ್ಬೇಕು ಕಣೇ, ಟೋಪಿ ನೋಡು" ಎಂದರು. ಎಂದು ಸುಮ್ಮನಿರದೆ, ನಲವತ್ತು ವರ್ಷ ಮೈಸೂರಿನ ಮಂಡಿ ಮೊಹಲ್ಲಾದ ಮುಸ್ಲಿಂ ಸ್ನೇಹಿತರೊಂದಿಗೆ ಬೆಳೆಸಿಕೊಂಡ ಗತ್ತಿನಲ್ಲಿ, "ಸಲಾಮ್ ಆಲೇಕುಂ" ಎಂದೂ ಬಿಟ್ಟರು. ಆ ಮನುಷ್ಯ ಒಂದು ಕ್ಷಣ ಇವರನ್ನು ನೋಡಿ, ಅಚ್ಚುಕಟ್ಟಾದ ಅರಬ್ಬಿಯಲ್ಲಿ ಪ್ರತಿವಂದನೆ ಹೇಳಿದರು. ಅಲ್ಲಿಗೆ ನಮ್ಮವರಿಗೆ ಪಕ್ಕಾ ಆಯಿತು. ಎರಡು ತಿಂಗಳು ಹೀಗೇ ನಡೆಯಿತು. ರಂಜಾನ್ ಬಂತು. ಇವರು ಒಂದು ಡಬ್ಬಿ ಖರ್ಜೂರ ತೆಗೆದುಕೊಂಡು ಹೋಗಿ ಅವರ ಬಾಗಿಲು ತಟ್ಟಿದರು. ಹಿಂದೆ ನಾನು.

ಅವರು ಒಳಗೆ ಕರೆದು ಕೂರಿಸಿ, ನಮ್ಮೆದುರಿಗೇ ಎರಡು ಖರ್ಜೂರ ತಿಂದು, ಬೀಜ ತಟ್ಟೆಗಿಟ್ಟು ಹೇಳಿದರು: "ತುಂಬ ಚೆನ್ನಾಗಿದೆ. ಆದ್ರೆ ನಾನು ಆ ಅಂಗಡಿಯವನಲ್ಲ ಸರ್. ಅದರ ಪಕ್ಕದ ಅಂಗಡಿಯವನು."

ಯೆಹೂದಿ. ಹುಟ್ಟಿದ್ದು ಅಲೆಕ್ಸಾಂಡ್ರಿಯದಲ್ಲಿ, ಅದಕ್ಕೇ ಆ ಅರಬ್ಬಿ. ನಮ್ಮವರ ಮುಖ ನೋಡಬೇಕಿತ್ತು. ನಾನು ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಓದಿದವಳು, ಸ್ಕ್ರಿಪ್ಚರ್ ಕ್ಲಾಸಿನಲ್ಲಿ ಪ್ರೈಜ್ ತೆಗೆದವಳು, ಪರಿಸ್ಥಿತಿ ಸುಧಾರಿಸಲು ಹೋಗಿ, "ನಿಮ್ಮವರ ಬಗ್ಗೆ ಸ್ಕೂಲಲ್ಲಿ ತುಂಬಾ ಓದಿದ್ದೀನಿ, ನೋಡಿದ್ದು ಇದೇ ಮೊದಲು" ಎಂದೆ.

"ಹೌದಾ? ಅದರಲ್ಲಿ ನಮ್ಮವರು ಹೇಗೆ ಕಾಣಿಸಿಕೊಂಡರು?"

"ಮಿಕ್ಸ್ಡ್" ಎಂದೆ. ಬಾಯಿಂದ ಬಂದೇಬಿಟ್ಟಿತ್ತು.

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಸ್ನೇಹ ಶುರುವಾದದ್ದು ಆ ನಗುವಿನಿಂದ.

ನಾವು ಅವರನ್ನು ಡಾಕ್ಟರ್ ಎಂದು ಕರೆಯುತ್ತಿದ್ದೆವು. ಅವರು ಡಾಕ್ಟರಲ್ಲ, ಅಡಿಲೇಡ್‌ನಲ್ಲೇ ಕನ್ನಡಕದಂಗಡಿ ನಡೆಸಿ ರಿಟೈರ್ ಆದವರು. ಎಷ್ಟು ಸಲ ತಿದ್ದಿದರೂ ನಮ್ಮ ಬಾಯಿಗೆ ಬರುತ್ತಿದ್ದುದು ಡಾಕ್ಟರೇ. ನಾನು ಅವರಿಗೆ ಮೇಡಂ. ಮನೆಯೊಳಗೆ ಮಾತ್ರ ಯಜಮಾನರು "ಟೋಪಿ ಡಾಕ್ಟ್ರು" ಎನ್ನುತ್ತಿದ್ದರು. ಒಮ್ಮೆ ಡಾಕ್ಟರ ಎದುರಿಗೇ ಅದು ಬಾಯಿಂದ ಜಾರಿತು. "ಟೋಪಿ ಅಂದರೆ?" ಎಂದು ಕೇಳಿದರು. ಯಜಮಾನರು ಹುರುಪಿನಿಂದ ಅರ್ಥ ಬಿಡಿಸಿದರು. ಟೋಪಿ ಎಂದರೆ ಕ್ಯಾಪು. ಆದರೆ 'ಟೋಪಿ ಹಾಕುವುದು' ಎಂದರೆ ಮೋಸ ಮಾಡುವುದು. ಅಷ್ಟೇ ಅಲ್ಲ, ಹಣೆಗೆ ನಾಮ ಹಾಕುವುದು ಎಂದರೂ ಮೋಸವೇ.

ಡಾಕ್ಟರು ಯೋಚಿಸಿದರು. "ಅಂದರೆ ನಿಮ್ಮ ಭಾಷೆಯಲ್ಲಿ ದೇವರ ಕಡೆಯವನ ಹಾಗೆ ಕಾಣೋದೆಲ್ಲ ಮೋಸವೇ?"

"ನಮ್ಮ ಹಿರೀಕರು ಅನುಭವಸ್ಥರು ಡಾಕ್ಟ್ರೇ" ಎಂದರು ಯಜಮಾನರು.

ಆಮೇಲೆ ಆ ಮಾತು ಅವರಿಗೆ ಆಟದ ಸಾಮಾನಾಯಿತು. ಬೇಕರಿಯವಳು ತಪ್ಪಿ ಬೇರೆ ಬ್ರೆಡ್ ಕೊಟ್ಟರೂ, "ಮೇಡಂ, ಟೋಪಿ ಹಾಕಿದಳು" ಎಂದು ಅಚ್ಚ ಕನ್ನಡದಲ್ಲಿ ಹೇಳುವರು. ಟ ಬಾರದು, 'ತೋಪಿ'.

ಆ ನೀಲಿ ಟೋಪಿಯ ಕತೆ ನನಗೆ ತಡವಾಗಿ ತಿಳಿಯಿತು. ಮದುವೆಯಾದ ಹೊಸತರಿಂದಲೂ ಹೆಂಡತಿ ಹೆಣೆದು ಹೆಣೆದು ಕೊಡುತ್ತಿದ್ದರಂತೆ. ಡಾಕ್ಟರು ಅದನ್ನು ಪ್ರಾರ್ಥನೆಗೆ ಹೋಗುವಾಗ ಹಾಕಿಕೊಂಡು, ಬಂದು ಡ್ರಾಯರಿಗೆ ಸೇರಿಸಿಬಿಡುತ್ತಿದ್ದರು. ಅಂಗಡಿಯಲ್ಲಿ, ಬೀದಿಯಲ್ಲಿ ಹಾಕಿದವರಲ್ಲ. "ಅವಳು ಹೋದ ಮೇಲೆ ಡ್ರಾಯರ್ ತೆಗೆದೆ. ಹನ್ನೊಂದು ಇದ್ದವು. ಒಂದಕ್ಕೂ ಬಿಸಿಲು ತಾಗಿರಲಿಲ್ಲ" ಎಂದರು. ಅಂದಿನಿಂದ ಹೊಸ್ತಿಲು ದಾಟುವಾಗಲೆಲ್ಲ ತಲೆಯ ಮೇಲೆ ಒಂದು. ದೇವರಿಗೆಷ್ಟು, ಹೆಂಡತಿಗೆಷ್ಟು ಎಂದು ನಾನು ಕೇಳಲಿಲ್ಲ.

ಟೋಪಿ ಹಾಕಿದವನಿಗೆ ಊರೆಲ್ಲ ಪ್ರಶ್ನೆ. ಟಿವಿಯಲ್ಲಿ ಯೆಹೂದಿಗಳ ದೇಶದ ಯುದ್ಧದ ಸುದ್ದಿ ಬಂತೆಂದರೆ, ಬ್ರೆಡ್ಡಿನ ಕ್ಯೂನಲ್ಲಿ ಯಾರಾದರೂ ಒಬ್ಬರು, ಕೆಟ್ಟವರೇನಲ್ಲ, ಮಾತಿಗೆ ಕೇಳುವವರು, "ನಿಮ್ಮ ದೇಶ ಇದೇನು ಮಾಡ್ತಿದೆ?" ಎನ್ನುವರು.

"ನಮ್ಮ ದೇಶವಾ? ಕ್ರಿಕೆಟ್ಟಲ್ಲಿ ಸೋತು ಕೂತಿದೆ. ಬೌಲಿಂಗ್ ಸರಿಯಿಲ್ಲ" ಎನ್ನುತ್ತಿದ್ದರು ಡಾಕ್ಟರು.

ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ. ಪರ್ತ್‌ನಲ್ಲಿದ್ದ ಮಗನ ಜೊತೆ ಫೋನಿನಲ್ಲಿ ಅದೇ ವಿಷಯಕ್ಕೆ ಜಗಳವಾಡುವರು. ಮಗ ಒಂದು ಪಕ್ಷ, ಇವರು ಇನ್ನೊಂದು. "ಅಲ್ಲಿನ ಕೆಲವು ಮಂತ್ರಿಗಳಿಗೆ ನಾನು ಕನ್ನಡಕ ಮಾಡಿಕೊಡಲ್ಲ ಮೇಡಂ. ಅವರಿಗೆ ಕಾಣೋದೇ ಬೇಡವಾಗಿದೆ" ಎಂದು ಒಮ್ಮೆ ಅಂದರು. ಟಿವಿಯಲ್ಲಿ ಸತ್ತ ಮಕ್ಕಳನ್ನು ತೋರಿಸಿದರೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುವರು. ಆದರೆ ಬೀದಿಯಲ್ಲಿ ಯಾರಿಗೂ ಇದನ್ನು ಹೇಳರು. "ಟೋಪಿ ಕಂಡ ಕೂಡಲೇ ಉತ್ತರ ಕೊಡು ಅಂತಾರಲ್ಲ, ಅವರಿಗೆ ಸರಿಯಾದ ಉತ್ತರ ಕೊಡೋದೂ ನನಗೆ ಅವಮಾನ" ಎಂದರು. ಆ ಮಾತು ಅಂದು ನನಗೆ ಪೂರ್ತಿ ಅರ್ಥವಾಗಲಿಲ್ಲ.

ಒಂದು ಸಂಜೆ, ಇನ್ನೂ ಬೆಳಕಿತ್ತು, ಜೆಟ್ಟಿಯ ಕಡೆ ನಡೆಯುತ್ತಿದ್ದೆವು. ಹೋಗುತ್ತಿದ್ದ ಒಂದು ವಾಹನ ನಿಧಾನಿಸಿತು. ಕಿಟಕಿಯಿಂದ ಒಬ್ಬ ಯುವಕ ತಲೆ ಹಾಕಿ ಅವರ ಟೋಪಿಗೆ ಒಂದು ಬೈಗುಳ ಎಸೆದ. ಆ ಮಾತನ್ನು ನಾನು ಬರೆಯಲಾರೆ. ಡಾಕ್ಟರು ಕೈಯೆತ್ತಿ, ಆಫ್ಟರ್‌ನೂನಿಗೆ ಇಲ್ಲಿನವರು ಹೇಳುವಂತೆ, "ಗುಡ್ ಆರ್ವೋ!" ಎಂದು ಕೂಗಿದರು. ವಾಹನ ಹೋಯಿತು. ಅವರು, "ಅವನ ಹೆಡ್‌ಲೈಟ್ ಒಂದು ಉರೀತಿಲ್ಲ. ಹೇಳೋಣ ಅಂತಿದ್ದೆ, ನಿಲ್ಲಿಸಲೇ ಇಲ್ಲ" ಎಂದರು.

ಇಂಥ ಮನುಷ್ಯನನ್ನು ಹೆದರಿಸುವವರು ಯಾರು ಎಂದು ಆಗ ನಾನು ಅಂದುಕೊಂಡದ್ದುಂಟು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹತ್ತು ಗಂಟೆಯ ಟ್ರಾಮ್ ಹಿಡಿದು ಸಿಟಿಗೆ ಹೋಗುತ್ತಿದ್ದೆವು. ಅಲ್ಲಿ ಒಂದು ಚರ್ಚಿನ ಹಾಲ್. ಜನ ದಾನ ಕೊಟ್ಟ ಹಳೆಯ ಕನ್ನಡಕಗಳು ಅಲ್ಲಿಗೆ ರಾಶಿರಾಶಿ ಬರುತ್ತಿದ್ದವು. ಅವುಗಳನ್ನು ತೊಳೆದು, ಪವರ್ ನೋಡಿ, ಚೀಟಿ ಅಂಟಿಸಿ ಬಡದೇಶಗಳಿಗೆ ಕಳಿಸುವ ಕೆಲಸ. ಡಾಕ್ಟರಿಗೆ ಮೆಷೀನ್ ಬೇಡ. ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಗೆರೆ ಬರೆದಿತ್ತು. ಕನ್ನಡಕವನ್ನು ಎದುರು ಹಿಡಿದು ಮೆಲ್ಲಗೆ ಅತ್ತಿತ್ತ ಆಡಿಸುವರು. ಗೆರೆ ಗಾಜಿನ ಜೊತೆಗೇ ಸರಿದರೆ ಮೈನಸ್, ಎದುರಾಗಿ ಸರಿದರೆ ಪ್ಲಸ್. "ನೋಡಿ ಮೇಡಂ, ನಾವು ಹೋದ ಕಡೆಗೇ ಬರೋದು ಮೈನಸ್, ನಮಗೆ ಎದುರು ಹೋಗೋದೇ ಪ್ಲಸ್. ನನ್ನ ಹೆಂಡತಿ ಪ್ಲಸ್ ಫೋರ್ ಇದ್ದಳು" ಎಂದು ನಗುವರು. ನಾನು ಚೀಟಿ ಬರೆಯುತ್ತಿದ್ದೆ. ಕಾನ್ವೆಂಟಿನ ಹ್ಯಾಂಡ್‌ರೈಟಿಂಗ್ ಅಷ್ಟಾದರೂ ಉಪಯೋಗಕ್ಕೆ ಬಂತು.

ಒಂದು ಭಾನುವಾರ ಟ್ರಾಮಿನಲ್ಲಿ ಅವರು ನನ್ನ ಹಣೆಯನ್ನೇ ನೋಡುತ್ತ, "ನಿಮ್ಮ ಬೊಟ್ಟು ತಿಂಗಳು ತಿಂಗಳೂ ಚಿಕ್ಕದಾಗ್ತಿದೆ. ನನ್ನ ಪವರ್ ಹೆಚ್ಚಾಯ್ತೋ ಅಥವಾ...?" ಎಂದರು.

ನಿಜವಿತ್ತು. ನಾವು ಬರುವ ಹೊತ್ತಿಗೆ ಮೆಲ್ಬರ್ನ್ ಕಡೆ ನಮ್ಮ ಹುಡುಗರಿಗೆ ಹೊಡೆದರೆಂಬ ಸುದ್ದಿಗಳು ಇನ್ನೂ ಹಸಿಯಾಗಿದ್ದವು. ಮಗಳು, "ಅಮ್ಮಾ, ಅಷ್ಟು ದೊಡ್ಡ ಕುಂಕುಮ ಇಟ್ಕೊಂಡು ಟ್ರಾಮಲ್ಲಿ ಹೋಗ್ಬೇಡ, ಪ್ಲೀಸ್" ಎಂದಿದ್ದಳು. ಕಾಸಗಲದ ಕುಂಕುಮ ಸ್ಟಿಕ್ಕರಾಯಿತು, ಸ್ಟಿಕ್ಕರ್ ಸಾಸಿವೆಯಾಯಿತು. ನನಗೆ ಅದರಿಂದ ಏನೂ ಕಷ್ಟವಾಗಲಿಲ್ಲ ಎಂದೇ ಹೇಳಿಕೊಂಡಿದ್ದೆ. ಡಾಕ್ಟರಿಗೂ ಹಾಗೇ ಹೇಳಿದೆ: "ಎ ಸ್ಮಾಲ್ ಅಡ್ಜಸ್ಟ್‌ಮೆಂಟ್."

ಕಡ್ಡಿ ಬಗ್ಗಿಸುವ ಮನುಷ್ಯನಿಗೆ ಅಡ್ಜಸ್ಟ್‌ಮೆಂಟ್ ಎಂದರೇನೆಂದು ನಾನು ಹೇಳಲು ಹೋಗಿದ್ದೆ.

ಇನ್ನು ಆ ಭಾನುವಾರದ ವಿಷಯ. ಇದನ್ನು ಬರೆಯಲೆಂದೇ ಕೂತದ್ದು, ಇಷ್ಟು ಹೊತ್ತು ಸುತ್ತು ಹಾಕಿದ್ದು.

ಚಳಿಗಾಲ. ಮತ್ತೆ ಆ ಕಡೆ ಯುದ್ಧ. ದಿನವೂ ಟಿವಿಯಲ್ಲಿ ಕುಸಿದ ಮನೆಗಳು, ಮಕ್ಕಳು. ಇಲ್ಲಿ ಊರೂರಲ್ಲಿ ಮೆರವಣಿಗೆ. ಶನಿವಾರ ಮಧ್ಯಾಹ್ನ ಮಗಳು, "ಅಮ್ಮಾ, ನಾಳೆ ಸಿಟಿಯಲ್ಲಿ ದೊಡ್ಡ ರ‍್ಯಾಲಿ ಇದೆಯಂತೆ. ನೀನು ಆ ಅಂಕಲ್ ಜೊತೆ ಹೋಗ್ತೀಯಲ್ಲ, ಒಂದು ವಾರ ಬಿಡಬಾರದಾ?" ಎಂದಳು.

"ರ‍್ಯಾಲಿ ಮಾಡೋರು ಒಳ್ಳೇ ಮಕ್ಕಳೇ ಕಣೇ. ಮಕ್ಕಳು ಸಾಯ್ತಿವೆ ಅಂತ ಅಳೋರು ಏನು ಮಾಡ್ತಾರೆ?"

"ಎಲ್ಲರೂ ಒಳ್ಳೆಯವರೇ. ಒಬ್ಬ ಸಾಕಲ್ಲಮ್ಮ. ನಮ್ಮ ಆಫೀಸಿನವನೊಬ್ಬನ ತಂದೆಗೆ ಹೋದ ವಾರ ಬಸ್ ಸ್ಟಾಪಲ್ಲಿ ಯಾರೋ ಉಗಿದರಂತೆ. ಅವರದೂ ಅದೇ ಥರ ಟೋಪಿ. ಆ ಅಂಕಲ್‌ಗೆ ನಾಳೆ ಒಂದಿನ ತೆಗೆದಿಡೋಕೆ ಹೇಳು."

ಹೇಗೆ ಹೇಳುವುದು? ಇಡೀ ಸಂಜೆ ಯೋಚಿಸಿದೆ. ಆಗ ಕಪಾಟಿನಲ್ಲಿ ಕಣ್ಣಿಗೆ ಬಿದ್ದದ್ದು ಯಜಮಾನರ ಮಂಕಿ ಕ್ಯಾಪ್. ಮೈಸೂರಿನಿಂದ ತಂದದ್ದು. ಕಂದು ಉಣ್ಣೆಯದು, ತುದಿಯಲ್ಲಿ ಕುಚ್ಚು. ಎಳೆದರೆ ಕಿವಿ, ಗಲ್ಲ ಎಲ್ಲ ಮುಚ್ಚಿ ಮುಖ ಮಾತ್ರ ಕಾಣುವಂಥದು. ಡಿಸೆಂಬರಿನಲ್ಲಿ ವಾಕಿಂಗ್ ಹೋಗುವ ನಮ್ಮ ಊರಿನ ತಾತಂದಿರೆಲ್ಲ ಹಾಕುವುದು.

ಬೆಳಿಗ್ಗೆ ಲಿಫ್ಟಿನ ಮುಂದೆ ಡಾಕ್ಟರು ನಿಂತಿದ್ದರು, ನೀಲಿ ಟೋಪಿಯಲ್ಲಿ. ನಾನು ಕೈಯಲ್ಲಿದ್ದುದನ್ನು ಚಾಚಿದೆ.

"ಇದನ್ನ ಹಾಕ್ಕೊಳ್ಳಿ ಡಾಕ್ಟರ್. ಇವತ್ತು ತುಂಬಾ ಚಳಿ."

"ಚಳಿಯಾ?" ಕಿಟಕಿಯಾಚೆ ಒಳ್ಳೆಯ ಬಿಸಿಲಿತ್ತು.

"ಗಾಳಿ. ಕಿವಿಗೆ ಹೊಡೆಯತ್ತೆ."

ಅವರು ಟೋಪಿಯನ್ನು ನೋಡಿದರು. ನನ್ನನ್ನು ನೋಡಿದರು. ಇಷ್ಟು ವರ್ಷ ಜನರ ಕಣ್ಣನ್ನೇ ಪರೀಕ್ಷೆ ಮಾಡಿದವರು. ನನ್ನ ಕಣ್ಣಲ್ಲಿ ಏನಿತ್ತೋ ಅದು ಕಾಣದೆ ಇರಲಿಲ್ಲ. "ಅಷ್ಟು ಚಳಿ ಅಂತೀರಾ ಮೇಡಂ?" ಎಂದು ಮತ್ತೊಮ್ಮೆ ಕೇಳಿದರು. ಈಗ ನೆನೆದರೆ, ಆ ಪ್ರಶ್ನೆ ಅವರಿಗೆ ಬಹಳ ಮುಖ್ಯವಾಗಿತ್ತು ಎಂದು ತಿಳಿಯುತ್ತದೆ. ನಾನು, "ಹೌದು ಡಾಕ್ಟರ್, ತುಂಬಾ" ಎಂದೆ.

ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡು ನೀಲಿ ಟೋಪಿಯ ಮೇಲೇ ಮಂಕಿ ಕ್ಯಾಪನ್ನು ಎಳೆದುಕೊಂಡರು. ಥೇಟ್ ನಮ್ಮ ಕಡೆಯ ಅಜ್ಜ. ನನಗೆ ನಗು ಬಂತು. ನಕ್ಕೆ ಕೂಡ.

ನಾವು ಹತ್ತುವ ಹೊತ್ತಿಗೇ ಟ್ರಾಮ್ ತುಂಬಿತ್ತು. ಯುವಕ ಯುವತಿಯರು, ಬಾವುಟ, ರಟ್ಟಿನ ಮೇಲೆ ಬಣ್ಣದ ಬರಹ. ವಯಸ್ಸಾದ ನಾವಿಬ್ಬರೂ ನಿಂತಿರುವುದನ್ನು ಕಂಡು ಒಬ್ಬ ಹುಡುಗಿ ತಾನೂ ಎದ್ದು, ಗೆಳತಿಯನ್ನೂ ಎಬ್ಬಿಸಿ ಜಾಗ ಕೊಟ್ಟಳು. "ನಮಸ್ತೇ ಅಂಕಲ್, ನಮಸ್ತೇ ಆಂಟಿ" ಎಂದಳು. ಅವಳ ಯೂನಿವರ್ಸಿಟಿಯಲ್ಲಿ ಇಂಡಿಯನ್ ಸ್ನೇಹಿತರಿದ್ದರಂತೆ. ಮಕ್ಕಳ ಬಗ್ಗೆ ಹೇಳುತ್ತ ಅವಳ ಕಣ್ಣು ತುಂಬಿತು, ನನ್ನದೂ. ಡಾಕ್ಟರು ಮೆಲ್ಲಗೆ, "ಯಾವ ಮಗುವೂ ಸಾಯಬಾರದು. ಯಾವ ಮಗುವೂ" ಎಂದರು. ಹುಡುಗಿ ಅವರ ಕೈ ಹಿಡಿದುಕೊಂಡಳು. ಇಷ್ಟೇ ಆಗಿದ್ದರೆ ಅದು ಆ ವರ್ಷದ ಅತ್ಯಂತ ಒಳ್ಳೆಯ ಬೆಳಗಾಗಿರುತ್ತಿತ್ತು.

ಪಕ್ಕದಲ್ಲಿ ಕಂಬಿ ಹಿಡಿದು ನಿಂತ ನಡುವಯಸ್ಸಿನ ಒಬ್ಬಾತ ಬಾಯಿ ಹಾಕಿದ. ಒಳ್ಳೆಯ ಕೋಟು, ಒಳ್ಳೆಯ ಇಂಗ್ಲಿಷ್. "ಆ ಯೆಹೂದಿಗಳ ಜಾತಿಯೇ ಹಾಗೆ. ಪೇಪರ್, ಬ್ಯಾಂಕ್ ಎಲ್ಲ ಅವರದೇ. ಹೋದ ಹೋದ ದೇಶದವರೆಲ್ಲ ಸುಮ್ಮನೆ ಓಡಿಸಿದರಾ ಅವರನ್ನ?" ಎಂದ.

ಹುಡುಗಿ ತಿರುಗಿ, "ನಾವು ಅದಕ್ಕೆ ಬಂದಿರೋದಲ್ಲ. ಹಾಗೆಲ್ಲ ಮಾತಾಡಬೇಡಿ" ಎಂದಳು. ಇಪ್ಪತ್ತು ವರ್ಷದ ಹುಡುಗಿ. ನನಗಿಂತ ಎಷ್ಟೋ ದೊಡ್ಡವಳು.

ಆತ ನಕ್ಕು, "ಇವರನ್ನೇ ಕೇಳು. ಹಳೇ ದೇಶದವರು, ಇವರಿಗೆ ಗೊತ್ತಿರತ್ತೆ. ಅಲ್ವಾ ಅಂಕಲ್?" ಎಂದು ಬಗ್ಗಿದ.

ಡಾಕ್ಟರು ಕಿವಿಯ ಮೇಲಿನ ಉಣ್ಣೆಯನ್ನು ಬೆರಳಿನಲ್ಲಿ ತೋರಿಸಿದರು, ಕೇಳಿಸಲಿಲ್ಲ ಎಂಬಂತೆ. ಆತ ನನ್ನ ಕಡೆ ತಿರುಗಿದ. "ಆಂಟಿ?"

ನಾನು ತಲೆಯಾಡಿಸಿದೆ. ನಮ್ಮ ಆ ತಲೆಯಾಟವನ್ನು ಬಲ್ಲವರೇ ಬಲ್ಲರು. ಅದರಲ್ಲಿ ಹೌದೂ ಇದೆ, ಅಲ್ಲವೂ ಇದೆ, ಸಾಕು ಬಿಡಪ್ಪ ಎಂಬುದೂ ಇದೆ. ನಾನು ಆಡಿಸಿದ್ದು ಸಾಕು ಬಿಡಪ್ಪ ಎಂದು. ಆತ ಓದಿಕೊಂಡದ್ದು ಹೌದು ಎಂದು. "ಸೀ?" ಎಂದು ಹುಡುಗಿಗೆ ಹೇಳಿದ. ಅಲ್ಲ, ಹಾಗಲ್ಲ, ಎಂದು ಹೇಳಲು ನನಗೆ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಸಾಕಷ್ಟಿತ್ತು. ಎಲೊಕ್ಯೂಷನ್ ಕಪ್ ಇನ್ನೂ ಮೈಸೂರಿನ ಶೋಕೇಸಿನಲ್ಲಿದೆ. ನಾನು ಕಿಟಕಿಯ ಹೊರಗೆ ನೋಡಿದೆ.

ಹಾಲ್‌ಗೆ ಹೋದ ಮೇಲೆ ಡಾಕ್ಟರು ಮಂಕಿ ಕ್ಯಾಪ್ ಕಿತ್ತರು. ಉಣ್ಣೆಗೆ ಅಂಟಿ ನೀಲಿ ಟೋಪಿಯೂ ಬಂದುಬಿಟ್ಟಿತು. ಒಳಮೈ ಹೊರಗೆ ಮಾಡಿ ಅದನ್ನು ಬಿಡಿಸಿಕೊಂಡರು. ಕೂದಲೆಲ್ಲ ಎದ್ದು ನಿಂತಿತ್ತು. ಒಂದು ಗಂಟೆ ಗೆರೆಯ ಮುಂದೆ ಕನ್ನಡಕ ಆಡಿಸಿದರು. ಆಮೇಲೆ ಹೇಳಿದರು:

"ನನ್ನ ಟೋಪಿ ಇದ್ದಾಗ ಅಂಥವರು ಬಾಯಿ ಮುಚ್ಕೊಂಡಿರ್ತಾರೆ, ಇಲ್ಲ ದೂರದಿಂದ ಕೂಗಿ ಹೋಗ್ತಾರೆ. ಎರಡೂ ನನಗೆ ಅಭ್ಯಾಸ. ಇವತ್ತು ಅವರ ಮಧ್ಯೆ ನೆಂಟನ ಥರ ಕೂತು ಕೇಳಬೇಕಾಯ್ತು." ಕನ್ನಡದಲ್ಲಿ, ನಗುತ್ತಲೇ, "ಮೇಡಂ, ತೋಪಿ ಹಾಕಿದಿರಿ" ಎಂದರು.

ನಾನೂ ನಕ್ಕೆ. ತಮಾಷೆ ಎಂದುಕೊಂಡೆ. ತಮಾಷೆಯೆಂದೇ ಅಂದುಕೊಳ್ಳಬೇಕಿತ್ತು ನನಗೆ.

ಮುಂದಿನ ಭಾನುವಾರ ಅವರಿಗೆ ಮಂಡಿನೋವು. ಅದರ ಮುಂದಿನ ವಾರವೂ. ನಾನೊಬ್ಬಳೇ ಹೋಗಿ, ಪವರ್ ಹೇಳುವವರಿಲ್ಲದೆ ಬರೀ ಕನ್ನಡಕ ತೊಳೆದು ಬಂದೆ. ಒಂದು ದಿನ ಮಂಕಿ ಕ್ಯಾಪ್ ನಮ್ಮ ಬಾಗಿಲಿಗೆ ಬಂತು, ಒಗೆದು, ಮಡಿಸಿ, ನಡುವೆ ಲ್ಯಾವೆಂಡರ್ ಕಡ್ಡಿ ಇಟ್ಟು. ಯಜಮಾನರು, "ನೋಡೇ, ನನ್ನ ಟೋಪಿಗೆ ಜನ್ಮದಲ್ಲಿ ಮೊದಲ ಸಲ ಸೆಂಟು" ಎಂದು ಖುಷಿಪಟ್ಟರು. ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ. ಎರಡು ತಿಂಗಳಿಗೆ ಡಾಕ್ಟರು ಪರ್ತ್‌ಗೆ, ಮಗನ ಮನೆಗೆ ಹೊರಟುಬಿಟ್ಟರು. ಮೂವತ್ತೈದು ವರ್ಷ ಸಮುದ್ರದ ಮುಂದಿದ್ದ ಮನೆ. ಜೊತೆಗಿದ್ದದ್ದು ಎರಡೇ ಸೂಟ್‌ಕೇಸ್.

ಆಮೇಲೆ ನಮ್ಮ ಮನೆಯಲ್ಲೂ ಬಹಳ ಆಯಿತು. ಯಜಮಾನರು ಹೋದರು. ಮಗಳಿಗೆ ಬ್ರಿಸ್ಬೇನಿನಲ್ಲಿ ಕೆಲಸವಾಯಿತು. ಡಾಕ್ಟರು ಫೋನ್ ಮಾಡುತ್ತಿದ್ದರು. ಕನ್ನಡಕ, ಮಂಡಿ, ಕ್ರಿಕೆಟ್ಟು, ಅಷ್ಟೇ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗಳು ಪರ್ತ್‌ನಲ್ಲಿ ಮನೆ ಕೊಂಡಳು. ಅವಳ ಗಂಡ ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್. ಗೃಹಪ್ರವೇಶಕ್ಕೆ ಹೋದವಳು ಒಂದು ದಿನ ಬಿಡುವು ಮಾಡಿಕೊಂಡು ಡಾಕ್ಟರ ಮನೆಗೆ ಹೋದೆ. ನದಿಯ ಹತ್ತಿರದ ಬಡಾವಣೆ. ಮಗ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆಗೆದವರು ಅವರೇ. ತಲೆಯ ಮೇಲೆ ನೀಲಿ ಟೋಪಿ. ಕಂಡ ಕೂಡಲೇ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನನ್ನ ಕನ್ನಡಕ ಕಿತ್ತುಕೊಂಡು ಸರಿಮಾಡಿದರು. ಸ್ಟ್ರಾಂಗ್ ಕಾಫಿ ಮಾಡಿಕೊಟ್ಟರು, ಅವರ ಊರಿನ ರೀತಿ, ಗಸಿ ತಳಕ್ಕಿಳಿಯುವವರೆಗೆ ಕಾಯಬೇಕಾದದ್ದು.

ಗಸಿ ಇಳಿಯುವಷ್ಟರಲ್ಲಿ ನಾನು ಧೈರ್ಯ ಮಾಡಿ ಕೇಳಿದೆ. "ಡಾಕ್ಟರ್, ಆ ಮನುಷ್ಯನ ಮಾತಿಗೆ ಅಡಿಲೇಡ್ ಬಿಟ್ಟಿರಾ?"

"ಯಾವ ಮನುಷ್ಯ? ಓ, ಕೋಟಿನವನಾ? ಛೆ. ಅಂಥವರ ಮಾತಿಗೆ ಊರು ಬಿಟ್ಟಿದ್ದರೆ ನಾನು ಇಷ್ಟರಲ್ಲಿ ಚಂದ್ರನ ಮೇಲಿರಬೇಕಿತ್ತು."

"ಮತ್ತೆ?"

ಅವರು ಲೋಟ ತಿರುಗಿಸುತ್ತ ಕೂತರು. "ಅಲೆಕ್ಸಾಂಡ್ರಿಯದಲ್ಲಿ ನಮ್ಮ ಕೆಳಗಿನ ಮನೆಯಾಕೆ ನನ್ನ ತಾಯಿಯ ಜೀವದ ಗೆಳತಿ. ಮುಸ್ಲಿಂ. ನನ್ನನ್ನ ಎತ್ತಿ ಆಡಿಸಿದವಳು. ಬೀದಿಯಲ್ಲಿ ಹುಡುಗರು ಏನೇನೋ ಕೂಗ್ತಿದ್ದರು, ನಮ್ಮಪ್ಪ ಅಲುಗಲಿಲ್ಲ. ಒಂದು ದಿನ ಆಕೆ ಮೇಲೆ ಬಂದು ತಾಯಿಗೆ ಹೇಳಿದಳು, ಕೊರಳಲ್ಲಿರೋ ಆ ಯೆಹೂದಿ ನಕ್ಷತ್ರದ ಸರ ಬಟ್ಟೆಯೊಳಗೆ ಹಾಕ್ಕೋ ಅಂತ. ಅಳ್ತಾ ಹೇಳಿದಳು. ಅವತ್ತೇ ಅಪ್ಪ ಸೂಟ್‌ಕೇಸ್ ಇಳಿಸಿದರು." ಆಮೇಲೆ ನನ್ನ ಕಡೆ ನೋಡಿ, "ಆಗದವರು ಮುಚ್ಕೋ ಅಂದರೆ ನಗಬಹುದು ಮೇಡಂ. ಬೇಕಾದವರು ಅಂದರೆ, ಚಳಿ ನಿಜವಾಗಲೂ ಬಂದಿದೆ ಅಂತ ಅರ್ಥ. ಅದಕ್ಕೇ ಎರಡು ಸಲ ಕೇಳಿದೆ ನಿಮ್ಮನ್ನ" ಎಂದರು.

ನನ್ನ ಮೇಲೆ ಸಿಟ್ಟಿರಲಿಲ್ಲ. ಥರ್ಮಾಮೀಟರಿನ ಮೇಲೆ ಯಾರು ಸಿಟ್ಟಾಗುತ್ತಾರೆ? ಸಾರಿ ಎಂದೆ. ಅವರು ನನ್ನ ಕೈ ತಟ್ಟಿ, "ಬನ್ನಿ, ನದಿ ತೋರಿಸ್ತೀನಿ" ಎಂದು ಎದ್ದರು.

ಬಾಗಿಲ ಬಳಿ ಒಂದು ಸಣ್ಣ ಮೇಜು, ಅದರ ಮೇಲೊಂದು ತಟ್ಟೆ. ಅವರು ಬೀಗದಕೈ ತೆಗೆದುಕೊಂಡರು. ಟೋಪಿಯನ್ನು ತೆಗೆದು, ಎರಡಾಗಿ ಮಡಿಸಿ, ಬೀಗದಕೈ ಇದ್ದ ಜಾಗದಲ್ಲಿ ಇಟ್ಟರು. ಮನೆಯೊಳಗೆ ಬರುವಾಗ ನಾವು ಚಪ್ಪಲಿ ಬಿಡುತ್ತೇವಲ್ಲ, ಅಷ್ಟು ಸಹಜವಾಗಿ. ನಾನು ನೋಡುತ್ತ ನಿಂತಿದ್ದೆ. ಒಂದು ಮಾತು ಸಾಕಿತ್ತು: ಇರಲಿ ಡಾಕ್ಟರ್, ಹಾಕ್ಕೊಂಡೇ ಬನ್ನಿ, ಚಳಿಯಿಲ್ಲ. ಹೇಳುವವಳು ನಾನೇ ಆಗಬೇಕಿತ್ತು; ಬೇರೆ ಯಾರು ಹೇಳಿದರೂ ಅದಕ್ಕೆ ಬೆಲೆಯಿರಲಿಲ್ಲ. ಮಾತು ಬಾಯಿಯವರೆಗೂ ಬಂತು. ಹೊರಗೆ ರಸ್ತೆಯಲ್ಲಿ ಯಾರೋ ಕಾರಿನ ಬಾಗಿಲು ಧಡಾರನೆ ಹಾಕಿದರು. ನಾನು ಸುಮ್ಮನಾದೆ.

ನದಿಯ ದಂಡೆಯಲ್ಲಿ ಬಹಳ ದೂರ ನಡೆದೆವು. ಗ್ಲೆನೆಲ್ಗಿನಲ್ಲಿ ಅವರ ಜೊತೆ ನಡೆಯುವಾಗ ನಾನು ಹಿಂದಿನಿಂದ ಬರುವ ಪ್ರತಿ ವಾಹನದ ಸದ್ದಿಗೂ ಹೆಗಲು ಬಿಗಿಹಿಡಿಯುತ್ತಿದ್ದೆ. ಅಲ್ಲಿ ಹಾಗಾಗಲಿಲ್ಲ. ನಾಯಿ ಹಿಡಿದವರು, ಸೈಕಲ್ಲಿನವರು, ಮಗುವಿನ ಗಾಡಿ ತಳ್ಳುವವರು ಎಷ್ಟೋ ಜನ ಎದುರಾದರು, ಮುಗುಳ್ನಕ್ಕು ಹೋದರು. ನಾವು ಯಾರೋ ಇಬ್ಬರು ಮುದುಕರು. ಯಾರೂ ನಮ್ಮನ್ನು ಎರಡನೆಯ ಸಲ ನೋಡಲಿಲ್ಲ. ನನಗೆ ಹಾಯೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅವರ ಬರಿತಲೆಯ ಪಕ್ಕದಲ್ಲಿ ನಡೆಯುವುದು ನನಗೆ ಬಹಳ ಹಾಯೆನಿಸಿತು.

ಡಾಕ್ಟರು ನಡೆಯುತ್ತ ನಡೆಯುತ್ತ ಓರೆಗಣ್ಣಿನಿಂದ ನನ್ನ ಕಡೆ ನೋಡಿದರು.

"ಇವತ್ತು ಆರಾಮಾಗಿ ನಡೀತಿದ್ದೀರಿ ಮೇಡಂ" ಎಂದರು.

"ಹೌದು ಡಾಕ್ಟರ್" ಎಂದೆ.